ಇರುಳಿಗೆ ಏಳುವ ಕಾಡು

ಕಿಟಕಿಯ ಹೊರಗಿನ ಹುಣಸೆಮರ ಎಲೆ ಮುಚ್ಚತೊಡಗಿತೆಂದರೆ ಮಹಾನಂದಕ್ಕ ಕುರ್ಚಿಯಿಂದ ಎದ್ದುಬಿಡುತ್ತಿದ್ದಳು. ಕೈಯಲ್ಲಿ ಎಂಥ ಕೆಲಸವಿದ್ದರೂ ಸರಿ, ಎದುರಿಗೆ ಯಾರಿದ್ದರೂ ಸರಿ. ತನ್ನ ಕಂಪ್ಯೂಟರಿನ ಪರದೆಯ ಮೇಲೆ ಒಂದು ಹಳೆಯ ಖಣದ ಬಟ್ಟೆ ಹೊದಿಸಿ, ಚಪ್ಪಲಿ ಮೆಟ್ಟಿ, "ಹೊತ್ತು ಮುಳುಗಿದ ಮ್ಯಾಲ ಗಿಡಾ ಮುಟ್ಟಬಾರದ್ರಿ, ಮಲಗಿರ್ತಾವು" ಎಂದು ಹೇಳಿ ಮೆಟ್ಟಿಲಿಳಿದು ಹೋಗುವಳು. ಅವಳು ಮುಟ್ಟುತ್ತಿದ್ದ ಗಿಡಗಳು ಯಾವ ಮಣ್ಣಿನಲ್ಲೂ ಬೆಳೆದವಲ್ಲ. ಆ ಪರದೆಯೊಳಗೇ ಹುಟ್ಟಿ ಅಲ್ಲಿಯೇ ನಿಂತವು. ಅವಕ್ಕೆಂಥ ನಿದ್ದೆ, ಎಂಥ ಎಚ್ಚರ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು.

ನಾವು ಕಾಡು ಮಾಡುವವರು. ಹೀಗೆಂದಾಗಲೆಲ್ಲ ಜನ ನನ್ನ ಮುಖ ನೋಡಿ ನಕ್ಕಿದ್ದಾರೆ, ನಗಲಿ. ಎಣ್ಣೆ ಗಿರಣಿಯ ಮೇಲಿನ ಅಂತಸ್ತಿನಲ್ಲಿ, ಶೇಂಗಾ ಹಿಂಡಿಯ ವಾಸನೆಯ ನಡುವೆ ಕೂತು, ಕಂಪ್ಯೂಟರಿನಲ್ಲಿ ಬೆಟ್ಟ ಕೊಳ್ಳ ಕಾಡುಗಳನ್ನು ಕಟ್ಟಿಕೊಡುವುದೇ ನಮ್ಮ ಹೊಟ್ಟೆಪಾಡಾಗಿತ್ತು. ಸಿನಿಮಾದವರಿಗೆ ಬೇಕು, ಆಟ ತಯಾರಿಸುವವರಿಗೆ ಬೇಕು. ಎಲ್ಲೂ ಇಲ್ಲದ ಊರು ಬೇಕು, ಯಾರೂ ಕಾಣದ ಕಾಡು ಬೇಕು. ಗಿರಣಿಯ ಮಾಲಕರಾದ ಗುರುಸಿದ್ದಪ್ಪನವರೇ ಇದಕ್ಕೂ ಮಾಲಕರು. ದಾವಲಸಾಬ ನೆಲ ಮಾಡುತ್ತಿದ್ದ. ಮಣ್ಣು, ಕಲ್ಲು, ದಿಬ್ಬ, ಹಳ್ಳ ಎಲ್ಲ ಅವನದು. ಆ ನೆಲದ ಮೇಲೆ ಮರ ನಿಲ್ಲಿಸುವವಳು ಮಹಾನಂದಕ್ಕ. ಕೊನೆಗೆ ಅದಕ್ಕೆಲ್ಲ ಬೆಳಕು ಹಾಕುವವನು ನಾನು. ದಿನಕ್ಕಿಷ್ಟು ಸಲ ಸೂರ್ಯನನ್ನು ಹುಟ್ಟಿಸಿ ಮುಳುಗಿಸುವುದೇ ನನ್ನ ಉದ್ಯೋಗ ಎಂದು ಮನೆಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಮಹಾನಂದಕ್ಕ ಎಲೆ ಮಾಡುವ ರೀತಿಯೇ ಬೇರೆ. ಬೆಳಿಗ್ಗೆ ಬರುವಾಗ ಸೆರಗಿನ ತುದಿಯಲ್ಲಿ ನಾಲ್ಕಾರು ಎಲೆ ಕಟ್ಟಿಕೊಂಡು ಬರುವಳು. ಗಾಜಿನ ಹಲಗೆಯ ಮೇಲೆ ಎಲೆಯನ್ನಿಟ್ಟು, ಕೆಳಗಿನಿಂದ ದೀಪ ಹಚ್ಚಿ, ಮುಖವನ್ನು ಹತ್ತಿರ ಒಯ್ದು ಅದರ ನರ ನರವನ್ನೂ ನೋಡಿ, ಆಮೇಲೆ ಫೋಟೊ ತೆಗೆದು ಪರದೆಗೆ ಇಳಿಸುವಳು. ಎಲೆಯಿಂದ ಚಿಗುರು, ಚಿಗುರಿನಿಂದ ಕೊಂಬೆ, ಕೊಂಬೆಯಿಂದ ಮರ. ಆ ಒಂದು ಮರವನ್ನೇ ತಿರುಗಿಸಿ, ಬಗ್ಗಿಸಿ, ಎತ್ತರಿಸಿ, ತಗ್ಗಿಸಿ ಕಾಡಾಗಿ ಹರಡುವುದು ಯಂತ್ರದ ಕೆಲಸ. ಬೇರೆಯವರಾದರೆ ಅಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದರು. ಇವಳು ಬಿಡುವವಳಲ್ಲ. ಹುಳ ತಿಂದ ಎಲೆಯೊಂದನ್ನು ಮಾಡಿದಳೆಂದರೆ ಅದೇ ತೂತು ಪಕ್ಕದ ಕೊಂಬೆಯಲ್ಲಿ ಮತ್ತೆ ಕಾಣಿಸಕೂಡದು. "ಹುಳಾ ಎಲ್ಲಾ ಎಲೀನೂ ಒಂದ ನಮೂನಿ ತಿಂತೈತೇನು? ಅದಕ್ಕೂ ಬ್ಯಾಸರಾ ಬರಂಗಿಲ್ಲೇನು?" ಎಂದು ಕೂತು ಒಂದೊಂದನ್ನೇ ಬದಲಿಸುವಳು.

ಅವಳಿಗೆ ಇನ್ನೊಂದು ವಿಚಿತ್ರ ಅಭ್ಯಾಸವಿತ್ತು. ನಾವೆಲ್ಲ ದೃಶ್ಯವನ್ನು ಅಗಲವಾಗಿ ತೆರೆದಿಟ್ಟುಕೊಂಡು ನೋಡುತ್ತಿದ್ದೆವು. ಅವಳು ಮಾತ್ರ ಕ್ಯಾಮೆರಾದ ನೋಟವನ್ನು ಕಿರಿದು ಮಾಡಿಕೊಂಡು, ಕಾಡನ್ನು ತುಸು ತುಸುವೇ ತಿರುಗಿಸುತ್ತ ಕೆಲಸ ಮಾಡುವಳು. ಯಾಕಕ್ಕಾ ಎಂದರೆ, "ಎಲ್ಲಾ ಒಮ್ಮಿಗೇ ನೋಡಿದ್ರ ಏನೂ ನೋಡಿದಂಗ ಆಗಂಗಿಲ್ಲ" ಎನ್ನುವಳು. ದೊಡ್ಡ ಮಾತು ಎಂದು ನಾನು ತಲೆದೂಗಿದ್ದೆ.

ದಾವಲಸಾಬನಿಗೆ ಮಾತ್ರ ಅವಳೆಂದರೆ ಅಷ್ಟಕ್ಕಷ್ಟೆ. "ಸೊಕ್ಕಿನಾಕಿ" ಎಂದು ಬಾಯಿಬಿಟ್ಟೇ ಹೇಳುತ್ತಿದ್ದ. ಅವನ ಮೇಜು ಅವಳ ಬಲಕ್ಕಿತ್ತು. ಅವನು ಬಂದು ಕೈಯೆತ್ತಿ ನಮಸ್ಕಾರ ಮಾಡಿದರೆ ಅವಳು ತಿರುಗಿ ಸಹ ನೋಡುತ್ತಿರಲಿಲ್ಲವಂತೆ. ಚಹದ ಕಪ್ಪು ತಂದು ಪಕ್ಕದಲ್ಲಿಟ್ಟರೆ ಹಾಗೇ ತಣ್ಣಗಾಗುತ್ತಿತ್ತಂತೆ, ಇಲ್ಲವೇ ಅವಳ ಮೊಣಕೈ ತಾಗಿ ಚೆಲ್ಲುತ್ತಿತ್ತಂತೆ. "ನಾ ಕೊಟ್ಟ ಚಾ ಕುಡದ್ರ ಜಾತಿ ಹೋಗತೈತೇನೋ ಅಕಿದು!" ಎಂದು ಒಮ್ಮೆ ನನ್ನೆದುರು ಕಣ್ಣು ಕೆಂಪಗೆ ಮಾಡಿಕೊಂಡಿದ್ದ. ನನಗೂ ಒಳಗೊಳಗೆ ಹಾಗೇ ಅನಿಸುತ್ತಿತ್ತು, ಆದರೆ ಎದುರಿಗೆ ಕೂತರೆ ಅಕ್ಕ ಅಷ್ಟು ಪ್ರೀತಿಯಿಂದ ಮಾತಾಡುತ್ತಿದ್ದಳು, ಎರಡಕ್ಕೂ ತಾಳೆ ಬೀಳುತ್ತಿರಲಿಲ್ಲ.

ಹೀಗಿರುವಾಗ ಆಟ ತಯಾರಿಸುವ ದೂರದ ಒಂದು ಕಂಪನಿಯಿಂದ ದೊಡ್ಡ ಕೆಲಸ ಬಂತು. ಅಲ್ಲಿಯವರೆಗೆ ನಾವು ಯಾರೋ ಬರೆದುಕೊಟ್ಟ ಚಿತ್ರ ನೋಡಿ ಕಾಡು ಮಾಡುತ್ತಿದ್ದೆವು. ಈ ಸಲ ಕಾಡನ್ನು ಊಹಿಸುವುದೂ ನಮ್ಮ ಪಾಲಿಗೇ ಬಂದಿತ್ತು. ಬೇರೊಂದು ಲೋಕ, ಮನುಷ್ಯರು ಕಾಲಿಟ್ಟಿಲ್ಲ, ಅಲ್ಲಿನ ಕಾಡು ಹೇಗಿರುತ್ತದೆ ತೋರಿಸಿ ಎಂದರು. ಮಾಲಕರು ನಮ್ಮನ್ನೆಲ್ಲ ಕೂಡಿಸಿದರು.

"ಮೈಯೆಲ್ಲಾ ನೀಲಿ ಬೆಳಕು ಸೂಸೂ ಗಿಡಾ ಮಾಡಿದ್ರ ಹೆಂಗ?" ಎಂದ ದಾವಲಸಾಬ. "ಎಲ್ಲಾರೂ ಅದನ್ನ ಮಾಡ್ತಾರ. ನಡೀತೈತಿ."

"ಅಯ್ಯ, ಅದೇನು ಕಾಡೋ, ಮದುವಿ ಹಂದರೋ?" ಎಂದಳು ಅಕ್ಕ. ಎಲ್ಲರೂ ನಕ್ಕರು. ಅವಳು ನಗದೆ ಕಿಟಕಿಯ ಕಡೆ ಮುಖ ಮಾಡಿದಳು. "ನಮ್ಮ ಗಿಡಾ ರಾತ್ರಿ ಮಲಗ್ತಾವು, ಹಗಲಿ ಏಳ್ತಾವು. ಆ ಲೋಕದ ಗಿಡಾ ಹಗಲಿ ಮಲಗ್ಲಿ, ರಾತ್ರಿ ಏಳ್ಲಿ. ಹೊತ್ತು ಮುಳುಗೂತನಾ ಮುಚ್ಚಿದ ಎಲಿ. ಹೊತ್ತು ಮುಳುಗಿದ ಮ್ಯಾಲ ಒಂದೊಂದ ತೆರೀತಾ ಹೋಗಬೇಕು. ಪೂರಾ ಕತ್ತಲಾದಾಗ ಪೂರಾ ಕಾಡು ಎದ್ದಿರಬೇಕು."

ಮಾಲಕರು ಮೀಸೆಯ ಮೇಲೆ ಕೈಯಾಡಿಸಿಕೊಂಡು ಅದನ್ನೇ ಕಂಪನಿಯವರಿಗೆ ಹೇಳಿ ಕಳಿಸಿದರು. ಅವರು ಒಪ್ಪಿದರು, ಆದರೆ ಒಂದು ಕರಾರಿನ ಮೇಲೆ. ಒಂದು ಕಣಿವೆಯಷ್ಟು ಕಾಡನ್ನು ಮೊದಲು ಮಾಡಿ ತೋರಿಸಬೇಕು. ತಾವೇ ಬಂದು ನೋಡುತ್ತಾರೆ. ಮೆಚ್ಚಿದರೆ ಉಳಿದ ಕಾಡೆಲ್ಲ ನಮ್ಮದು, ಇಲ್ಲದಿದ್ದರೆ ಬೇರೆಯವರ ಪಾಲು.

"ತಪ್ಪು ಕಂಡ್ರ ಕೈ ಬಿಟ್ಟು ಹೋಗತೈತಿ, ನೆನಪಿರಲಿ" ಎಂದರು ಮಾಲಕರು.

"ಈ ಕಾಡು ನಾ ಮುಗಸ್ತೀನ್ರಿ" ಎಂದಳು ಮಹಾನಂದಕ್ಕ. "ನನ್ನ ಕೈಲೆ ಮುಗಸ್ತೀನಿ. ಯಾರಿಗೂ ಕೊಡಬ್ಯಾಡ್ರಿ." ಒಂದು ಕೆಲಸಕ್ಕೆ ಇಷ್ಟೇಕೆ ಹಟ ಹಿಡಿಯುತ್ತಾಳೆ ಎಂದು ಆಗ ಅರ್ಥವಾಗಲಿಲ್ಲ.

ಮಲಗಿದ ಕಾಡನ್ನು ಅವಳು ಬೇಗ ಮಾಡಿದಳು. ಹುಣಸೆ ಎಲೆ ಮುಚ್ಚಿಕೊಳ್ಳುವ ಕ್ರಮವನ್ನೇ ನೋಡಿ, ಆದರೆ ಹುಣಸೆಯದಲ್ಲದ ಎಲೆಗಳನ್ನು ಮಾಡಿದಳು. ಅಂಗೈಯಗಲದ ಎಲೆಗಳು, ಎರಡೆರಡು ಮುಖಕ್ಕೆ ಮುಖ ಹಚ್ಚಿ, ತೊಟ್ಟಿನಿಂದ ಜೋತುಬಿದ್ದು ಮಲಗಿದ್ದವು. ನಾನು ಅದರ ಮೇಲೆ ಮಧ್ಯಾಹ್ನದ ಬಿಸಿಲು ಹಾಕಿದಾಗ, ಇಡೀ ಕಣಿವೆ ಊಟ ಮಾಡಿ ಅಡ್ಡಾದ ಮನೆಯಂತೆ ಕಂಡಿತು. ದಾವಲಸಾಬ ಕೂಡ ಕುರ್ಚಿ ಎಳೆದುಕೊಂಡು ಬಂದು ನೋಡಿದ. "ಸೊಕ್ಕು ಇದ್ರೂ ಕೈ ಐತಿ ನೋಡಪಾ ಅಕಿಗೆ" ಎಂದು ನನ್ನ ಕಿವಿಯಲ್ಲಿ ಹೇಳಿದ.

ನೆರಳು ನನ್ನ ಕಣ್ಣಿಗೆ ಬಿದ್ದದ್ದು ಆಗಲೇ. ಬೆಳಕು ಹಾಕುವವನು ಮೊದಲು ನೋಡುವುದು ಮರವನ್ನಲ್ಲ, ಮರದ ಬುಡಕ್ಕೆ ನೆರಳು ಎಲ್ಲಿ ಕೂಡುತ್ತದೆ ಎಂಬುದನ್ನು. ಕಣಿವೆಯ ನಡುವಿನ ಮರಗಳೆಲ್ಲ ಸರಿಯಾಗಿದ್ದವು. ನೋಟವನ್ನು ಅಗಲ ಮಾಡಿದೆ. ಎಡ ಬಲದ ಅಂಚಿನ ಮರಗಳ ನೆರಳು ಬುಡಕ್ಕೆ ಅಂಟದೆ ದೂರ ಬಿದ್ದಿತ್ತು. ಹತ್ತಿರ ಹೋಗಿ ನೋಡಿದರೆ ಮರಗಳು ನೆಲ ಬಿಟ್ಟು ಮೊಳದೆತ್ತರ ಗಾಳಿಯಲ್ಲಿ ನಿಂತಿದ್ದವು. ವಿಷಯ ಇಷ್ಟೆ: ದಾವಲಸಾಬ ನಡುವೆ ಒಮ್ಮೆ ದಿಬ್ಬಗಳನ್ನು ತಗ್ಗಿಸಿದ್ದ. ಹಾಗೆ ನೆಲ ತಗ್ಗಿದಾಗ ಮರಗಳನ್ನೆಲ್ಲ ಇಳಿಸಿ ಮತ್ತೆ ಕೂರಿಸಬೇಕು. ಹೊಸದಾಗಿ ಸೇರಿದವರಿಂದಲೂ ಈ ತಪ್ಪು ಆಗುವುದಿಲ್ಲ. ಅಕ್ಕ ನಡುವಿನವನ್ನೆಲ್ಲ ಕೂರಿಸಿ ಅಂಚಿನವನ್ನು ಹಾಗೇ ಬಿಟ್ಟಿದ್ದಳು.

ಹೇಳಿದರೆ ನೊಂದುಕೊಳ್ಳುತ್ತಾಳೆ ಎಂದು ನಾನೇ ಅವನ್ನು ಇಳಿಸಿ ಕೂರಿಸಿದೆ. ಮರುದಿನ ನೋಡಿದರೆ ದಾವಲಸಾಬ ಹೊಸದಾಗಿ ನೆಲ ತಗ್ಗಿಸಿದ ಕಡೆಯೂ ಹಾಗೆಯೇ, ನಡುವೆ ಸರಿ, ಅಂಚಿನಲ್ಲಿ ತೇಲಾಟ. ಹುಳದ ಬಾಯಿಗೂ ಬೇಸರ ಬರುತ್ತದೆ ಎನ್ನುವವಳು ಇಡೀ ಮರಗಳನ್ನೇ ಗಾಳಿಯಲ್ಲಿ ಬಿಡುವುದೆಂದರೇನು? ಆದರೂ ಏನೂ ಕೇಳದೆ ಅವನ್ನೂ ಇಳಿಸಿ ಕೂರಿಸಿದೆ.

ಎದ್ದ ಕಾಡಿನ ಕೆಲಸ ಶುರುವಾಯಿತು. ಅವಳು ಪರದೆಯ ಮೇಲೆ ಎಲ್ಲ ಕಡೆಯಿಂದಲೂ ಬೆಳಕು ತುಂಬಿಕೊಂಡು, ಹಾಡುಹಗಲಿನಂಥ ಬೆಳಕಿನಲ್ಲಿ ಎಲೆ ತೆರೆಯುವುದನ್ನು ಕಟ್ಟುತ್ತಿದ್ದಳು. ಅದನ್ನು ಇರುಳಿಗೆ ತಿರುಗಿಸುವುದು ನನ್ನ ಕೆಲಸ. ಒಂದು ಮಧ್ಯಾಹ್ನ ನಾನು ಕಿಟಕಿಯ ಪರದೆಗಳನ್ನೆಲ್ಲ ಎಳೆದು, ಪಕ್ಕದ ಚಿಕ್ಕ ಕೋಣೆಯನ್ನು ಕತ್ತಲು ಮಾಡಿ ಕೂತಿದ್ದೆ. ಆ ಲೋಕಕ್ಕೆ ಎರಡು ಚಂದ್ರ. ಒಂದನ್ನು ಎಲ್ಲಿಂದ ಹುಟ್ಟಿಸಲಿ, ಇನ್ನೊಂದನ್ನು ಎಲ್ಲಿಂದ ಎಂದು ತಲೆ ಕೆಡಿಸಿಕೊಂಡು, ಎರಡನ್ನೂ ನಂದಿಸಿಬಿಟ್ಟಿದ್ದೆ. ಹಿಂದಿನಿಂದ ಅಕ್ಕ ಬಂದು ನಿಂತಳು. ಬರುವಾಗ ಬಾಗಿಲ ಚೌಕಟ್ಟನ್ನು ಹಿಡಿದು, ಕುರ್ಚಿಯ ಬೆನ್ನು ಹಿಡಿದು ಬಂದದ್ದು ಬಾಗಿಲ ಕಡೆಯ ಬೆಳಕಿನಲ್ಲಿ ಕಾಣಿಸಿತು. ಬಹಳ ಹೊತ್ತು ಪರದೆಯ ಕಡೆ ನೋಡಿದಳು.

"ಛಲೋ ಆಗೇತಿ" ಎಂದಳು. "ಎಲಿ ಚಂದ ತೆರದಾವು. ಚಂದ್ರನ ಬೆಳಕು ಇಷ್ಟ ಸಾಕು, ಹೆಚ್ಚು ಮಾಡಬ್ಯಾಡ."

ಪರದೆಯ ಮೇಲೆ ಮಸಿಯಂಥ ಕಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ.

"ಅಕ್ಕಾ, ಚಂದ್ರ ಇನ್ನೂ ಹುಟ್ಟಿಲ್ಲ" ಎಂದುಬಿಟ್ಟೆ. "ಪರದೆ ಮ್ಯಾಲ ಏನೂ ಇಲ್ಲ."

ಕೆಳಗೆ ಗಿರಣಿಯ ಗಡಗಡ ಸದ್ದು ಕೇಳುತ್ತಲೇ ಇತ್ತು. ಅಕ್ಕ ಕೈಯಿಂದ ತಡವಿ ಪಕ್ಕದ ಕುರ್ಚಿ ಹುಡುಕಿ ಕೂತಳು. "ಬಾಗಲಾ ಹಾಕ್ಕೊ. ಕಿಟಕಿ ತೆರಿ. ಕತ್ತಲ್ಯಾಗ ಮಾತಾಡಾಕ ನನಗ ಆಗಂಗಿಲ್ಲ" ಎಂದಳು.

ನಾನು ಕಿಟಕಿ ತೆರೆದೆ. ಬೆಳಕು ಬಿದ್ದ ಮೇಲೆ ಅವಳು ಕೈಯಲ್ಲಿದ್ದ ಗಾಜಿನ ಬಳೆಯೊಂದನ್ನು ಬಿಚ್ಚಿ ನನಗೆ ಕೊಟ್ಟಳು. "ಕೈ ಚಾಚಿ ಹಿಡಿ. ಒಂದ ಕಣ್ಣು ಮುಚ್ಚು. ಬಳಿಯೊಳಗಿಂದ ಎಷ್ಟು ಕಾಣ್ತೈತಿ ನೋಡು." ನೋಡಿದೆ. ಹುಣಸೆಮರದ ಒಂದು ಕೊಂಬೆ ಕಂಡಿತು. "ನನಗ ಅಷ್ಟ ಉಳದೈತಿ ಜಗತ್ತು. ಸುತ್ತಲಿಂದ ಮುಚಕೊಂತ ಬರಾಕ ಹತ್ತೇತಿ. ಡಾಕ್ಟರ್ ಹೇಳ್ಯಾರ, ಅದೂ ಮುಚ್ಚತೈತಿ ಅಂತ. ಔಷಧ ಇಲ್ಲ."

"ಯಾವಾಗಿಂದ ಅಕ್ಕಾ?"

"ಸಣ್ಣಾಕಿ ಇದ್ದಾಗಿಂದ ರಾತ್ರಿ ಕಣ್ಣು ಕಾಣಂಗಿಲ್ಲ. ಹೊತ್ತು ಮುಳುಗಿದ್ರ ಮುಗೀತು, ಗ್ವಾಡಿ ಹಿಡಕೊಂಡ ಅಡ್ಯಾಡೂದು. ಗಂಡಿನವ್ರಿಗೆ ಗೊತ್ತಾದ್ರ ಯಾರ ಮಾಡ್ಕೋತಾರ? ಸಂಜಿ ಮುಂದ ಹಿತ್ತಲಕ್ಕ ಹೋಗಿ ಕರಿಬೇವು ಕಿತ್ತಕೊಂಡ ಬಾ ಅಂದ್ರ ಏನ್ ಮಾಡ್ತಿ ಅಂತ ನಮ್ಮವ್ವನ ಹೇಳಿಕೊಟ್ಟಳು. 'ಹೊತ್ತು ಮುಳುಗಿದ ಮ್ಯಾಲ ಗಿಡಾ ಮುಟ್ಟಬಾರದು, ಮಲಗಿರ್ತಾವು ಅನ್ನು. ಹಿರ್‍ಯಾರು ಮೆಚ್ಚತಾರ, ಹುಡುಗಿಗೆ ರೀತಿ ರಿವಾಜು ಗೊತ್ತೈತಿ ಅಂತಾರ' ಅಂದಳು." ಅಕ್ಕ ನಕ್ಕಳು, ಆದರೆ ಕಣ್ಣಲ್ಲಿ ನೀರಿತ್ತು. "ಮೆಚ್ಚಿದ್ರು. ಅತ್ತಿ ಮಂದಿ ಮುಂದ ಹೊಗಳಾಕಿ. ಒಂದಿನ ಕರೆಂಟ್ ಹೋತು. ಅಂಗಳದಾಗ ಆಕಿ ಹಾಸಿಗಿ ಮ್ಯಾಗ ಮಲಗಿಸಿದ್ದ ನಮ್ಮ ನೆಗೆಣ್ಣಿ ಕೂಸು ಕಾಣಲಿಲ್ಲ, ಕಾಲಿಟ್ಟೆ. ಕೂಸಿಗೆ ಏನೂ ಆಗಲಿಲ್ಲ, ದೇವ್ರು ದೊಡ್ಡಾಂವ. ಆದ್ರ ಮರುದಿನಾನ ತವರಿಗೆ ಕಳಿಸಿದ್ರು."

ದಾವಲಸಾಬನ ತಣ್ಣಗಾದ ಚಹ, ಅವನು ಕೈಯೆತ್ತಿ ಮಾಡಿದ ನಮಸ್ಕಾರ, ಗಾಳಿಯಲ್ಲಿ ನಿಂತ ಮರಗಳು, ಎಲ್ಲ ಒಮ್ಮೆಗೇ ತಿಳಿಯಾದವು. ಬಲಗಡೆ ಅವಳಿಗೆ ಜಗತ್ತೇ ಇರಲಿಲ್ಲ.

"ಮಾಲಕರಿಗೆ ಹೇಳಬ್ಯಾಡ" ಎಂದಳು. "ಹೇಳಿದ್ರ ಈ ಕಾಡು ನನ್ನ ಕೈಯಾಗಿಂದ ತಗೋತಾರ. ಇಷ್ಟ ದಿನ ಮಂದಿ ಹೇಳಿದ ಗಿಡಾ ಮಾಡೇನಿ. ಇದೊಂದ ನಂದು. ರಾತ್ರಿ ಅಂದ್ರ ಏನಂತ ನಾ ನೋಡಿಲ್ಲ. ನೋಡದ ಇದ್ದದ್ದನ್ನ ಒಂದ ಸಲಾ ನನ್ನ ಕೈಲೆ ಮಾಡಿ ಇಡಬೇಕು. ಕಣ್ಣು ಮುಚ್ಚೂದ್ರಾಗ ಮುಗಸ್ತೀನಿ. ನೀ ಒಬ್ಬಾಂವ ಸಾಥ್ ಕೊಡು."

"ಏನ್ ಮಾಡ್ಲಿ ಹೇಳಕ್ಕಾ."

"ರಾತ್ರಿ ಎಲಿ ಹೆಂಗ ಕಾಣ್ತೈತಿ ಹೇಳು. ಯಾವ ಬಣ್ಣ ಇರ್ತೈತಿ?"

ಸೂರ್ಯನನ್ನು ಹುಟ್ಟಿಸಿ ಮುಳುಗಿಸುವ ಭೂಪ ನಾನು, ಎಂದೂ ಗಮನಿಸಿ ನೋಡಿರಲಿಲ್ಲ. ರಾತ್ರಿ ಎಲೆ ಯಾವ ಬಣ್ಣ ಇರುತ್ತದೆ? ನೀಲಿ ಎನ್ನಲು ಹೋದೆ. ನಾವು ಪರದೆಯ ಮೇಲೆ ಇರುಳೆಂದರೆ ನೀಲಿ ಬಳಿಯುತ್ತಿದ್ದೆವು, ಅಷ್ಟೇ ಗೊತ್ತು. "ನೋಡಿ ಹೇಳ್ತೀನಿ" ಎಂದೆ.

ಅಂದಿನಿಂದ ಅವಳು ಮನೆಗೆ ಹೋದ ಮೇಲೆ ನಾನು ಗಿರಣಿಯ ಅಂಗಳದಲ್ಲಿ ಹುಣಸೆಮರದ ಕೆಳಗೆ ನಿಲ್ಲತೊಡಗಿದೆ. ಬೀದಿಯ ದೀಪ ಹತ್ತುವ ತನಕ, ಹತ್ತಿದ ಮೇಲೂ ಸ್ವಲ್ಪ ಹೊತ್ತು. ಹಮಾಲರು ಹುಣಸೆಮರದ ದೆವ್ವ ಬಡಿದಿದೆ ಎಂದು ನನ್ನನ್ನು ಅಣಕಿಸುತ್ತಿದ್ದರು. ಬೆಳಿಗ್ಗೆ ಅವಳು ಬಂದ ಕೂಡಲೇ ಕಂಡದ್ದನ್ನು ಹೇಳುತ್ತಿದ್ದೆ.

"ಮೊದಲ ಹಸಿರು ಹೋಗತೈತಿ ಅಕ್ಕಾ. ಆಕಾಶ ಇನ್ನೂ ಬೆಳ್ಳಗ ಇರ್ತೈತಿ, ಎಲಿ ಕರ್‍ರಗ ಆಗಿಬಿಡ್ತಾವು. ಆಮ್ಯಾಲ ಎಲಿ ಕಾಣಂಗ ಇಲ್ಲ. ಎಲಿ ಎಲಿ ನಡುವಿನ ಸಂದ್ಯಾಗ ಆಕಾಶ ಇರ್ತೈತೆಲಾ, ಅದು ಕಾಣ್ತೈತಿ."

"ಅಂದ್ರ ಎಲಿಗಿಂತಾ ಸಂದಿ ಮುಖ್ಯ."

"ಹೌದು. ನಿನ್ನಿ ಚಂದ್ರ ಇದ್ದ. ಎಲಿ ಬೆನ್ನಿಗೆ ಬೆಳಕು ಬಿತ್ತು ಅಂದ್ರ ಅಂಚು ಅಷ್ಟ ಮಿಂಚತೈತಿ, ಒಳಗ ಏನೂ ಇಲ್ಲ."

ಅವಳು ಕಣ್ಣು ಮುಚ್ಚಿ ಕೇಳಿ, ಎಲೆಗಳನ್ನು ವಿರಳ ಮಾಡಿ, ಸಂದಿಗಳನ್ನು ದೊಡ್ಡದು ಮಾಡಿ, ತುದಿಯನ್ನು ತೆಳುವಾಗಿ ಬಗ್ಗಿಸುವಳು. ನಾನು ಎರಡು ಚಂದ್ರರ ಬೆಳಕು ಹಾಕಿ ಏನು ಕಾಣುತ್ತಿದೆ ಎಂದು ಹೇಳುವೆ. "ಎಡಕಿನ ಗಿಡದಾಗ ಸಂದಿ ಸಾಲದು" ಎಂದರೆ ಕ್ಯಾಮೆರಾವನ್ನು ಎಡಕ್ಕೆ ತಿರುಗಿಸಿ, ಅದನ್ನು ತನ್ನ ಬಳೆಯಷ್ಟಗಲದ ನೋಟಕ್ಕೆ ತಂದುಕೊಂಡು ತಿದ್ದುವಳು. ಅಂಚಿನ ಮರಗಳನ್ನು ನೆಲಕ್ಕೆ ಇಳಿಸುವುದು ನನ್ನ ಪಾಲಿಗಿತ್ತು. ಸಂಜೆ ಹುಣಸೆ ಎಲೆ ಮುಚ್ಚಿದೊಡನೆ ಪರದೆಗೆ ಖಣ ಹೊದಿಸಿ ಹೊರಡುವಳು. ಈಗ 'ಮಲಗಿರ್ತಾವು' ಎಂಬ ಅವಳ ಮಾತನ್ನು ಕೇಳಿ ನನಗೆ ನಗು ಬರುತ್ತಿರಲಿಲ್ಲ.

ಕಂಪನಿಯವರು ಬರುವ ದಿನ ಬಂತು. ಗಂಡಸೊಬ್ಬ, ಹೆಂಗಸೊಬ್ಬಳು. ಮಾಲಕರು ಹೊಸ ಧೋತರ ಉಟ್ಟಿದ್ದರು. ಕಿಟಕಿಗಳನ್ನೆಲ್ಲ ಮುಚ್ಚಿ, ಕೋಣೆ ಕತ್ತಲಾಗಿಸಿ, ಗೋಡೆಯಗಲ ಕಾಡನ್ನು ಬಿಟ್ಟೆವು. ಅಕ್ಕನನ್ನು ನಾನು ಮೊದಲೇ ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದೆ. ನನ್ನ ಜಾಗ ಹಿಂದೆ, ಯಂತ್ರದ ಹತ್ತಿರ. ಅವಳ ಬಲಕ್ಕೆ ದಾವಲಸಾಬ ಕೂತ. ಇದೊಂದು ನನ್ನ ಲೆಕ್ಕದಲ್ಲಿರಲಿಲ್ಲ.

ಬಿಸಿಲು ಇಳಿಯಿತು. ಆ ಲೋಕದ ಹೊತ್ತು ಮುಳುಗಿತು. ಮೊದಲು ಎಲ್ಲೋ ಒಂದು ಎಲೆ ತನ್ನ ಜೊತೆಗಾರನಿಂದ ಬಿಡಿಸಿಕೊಂಡಿತು. ಆಮೇಲೆ ಇನ್ನೊಂದು. ಹಸಿರು ಹೋಯಿತು, ಆಕಾಶ ಉಳಿಯಿತು. ಎಲೆಗಳು ತೆರೆದಂತೆ ಅವುಗಳ ಸಂದಿಗಳಲ್ಲಿ ಮೊದಲ ಚಂದ್ರ ಚೂರುಚೂರಾಗಿ ಕಂಡ. ಇಡೀ ಕಣಿವೆ ಸದ್ದಿಲ್ಲದೆ ಎದ್ದು ನಿಂತಿತು. ಅದನ್ನು ಮಾಡಿದವಳು ಮುಂದಿನ ಕುರ್ಚಿಯಲ್ಲಿ ಕೈ ಜೋಡಿಸಿ ಮಡಿಲಲ್ಲಿಟ್ಟುಕೊಂಡು ಕತ್ತಲೆಯನ್ನು ನೋಡುತ್ತಿದ್ದಳು.

ಬಂದ ಹೆಂಗಸು ಎದ್ದು ಗೋಡೆಯ ಹತ್ತಿರ ಹೋಗಿ ಬೆರಳು ತೋರಿಸಿದಳು. "ಮಿಕ್ಕಿದ್ದೆಲ್ಲ ಸರಿ. ಈ ಮರ ಮಾತ್ರ ಯಾಕೆ ಇಷ್ಟು ತಡವಾಗಿ ಏಳುತ್ತೆ? ತಪ್ಪಾ, ಬೇಕೂಂತ ಮಾಡಿದ್ದಾ?"

ಅಕ್ಕ ಮುಖವನ್ನು ಇನ್ನೊಂದು ಬದಿಗೆ ತಿರುಗಿಸಿ, ದನಿ ಬಂದ ಕಡೆ ಹುಡುಕುತ್ತಿದ್ದಳು. ಹೆಂಗಸು ಮತ್ತೆ ಕೇಳಿದಳು, "ಈ ಮರ, ಇದು." ಮಾಲಕರು ಹುಬ್ಬು ಗಂಟಿಕ್ಕಿದರು. ಹಿಂದಿನಿಂದ ನಾನು ಬಾಯಿ ತೆರೆಯುವುದರೊಳಗೆ ದಾವಲಸಾಬನ ಗಟ್ಟಿ ದನಿ ಕೇಳಿತು.

"ಅಕ್ಕಾ, ಅವ್ರು ಕೇಳೂದು ಹಳ್ಳದ ದಂಡಿ ಗಿಡಾ. ಬಲಗಡೆ, ಜೋಡ ಕಲ್ಲಿನ ಹಿಂದ ಒಂಟಿ ನಿಂತೈತೆಲಾ, ಅದು. ಉಳದಾವೆಲ್ಲಾ ತೆರದಾವು. ಅದರದು ತುದಿ ಎಲಿ ಅಷ್ಟ ತೆರದಾವು, ಕೆಳಗಿನವು ಇನ್ನಾ ಮುಚ್ಚ್ಯಾವು."

ಅಕ್ಕನ ಮುಖ ಅವನ ಕಡೆ ಹೊರಳಿತು. ಆಮೇಲೆ ಎದುರಿಗೆ ತಿರುಗಿ ನಿಧಾನವಾಗಿ ಹೇಳಿದಳು. "ಬೇಕಂತನ ಮಾಡೇನ್ರಿ. ಅದು ಮುದಿ ಗಿಡ. ಮನ್ಯಾಗ ಎಲ್ಲಾರೂ ಎದ್ದ ಮ್ಯಾಲ ಹಿರೇರು ಏಳ್ತಾರಲ್ರಿ, ಹಂಗ. ಇನ್ನೊಂದ ಚಂದ್ರ ಹುಟ್ಟೂತನಾ ತಡೀರಿ, ಪೂರಾ ಏಳತೈತಿ."

ಎರಡನೆಯ ಚಂದ್ರ ಹುಟ್ಟಿದ. ಮುದಿ ಮರ ಎದ್ದಿತು. ಹೆಂಗಸು ಗೋಡೆಯ ಹತ್ತಿರವೇ ನಿಂತಿದ್ದಳು, ಬಹಳ ಹೊತ್ತು ತನ್ನ ಜಾಗಕ್ಕೆ ಬರಲಿಲ್ಲ.

ಅವರು ಕಾಡನ್ನು ಒಪ್ಪಿ ಹೊರಟುಹೋದ ಮೇಲೆ ಮಾಲಕರು ಕಿಟಕಿ ತೆರೆದು ಅಕ್ಕನ ಎದುರು ಬಂದು ನಿಂತರು. ಅವರೇನು ಕುರುಡರೇ, ಅಷ್ಟರಲ್ಲಿ ಅವರಿಗೂ ತಿಳಿದುಹೋಗಿತ್ತು. "ಕಣ್ಣು ಎಷ್ಟ ಕಾಣ್ತೈತಿ ನಿನಗ?" ಎಂದರು. ಅಕ್ಕ ಮರೆಮಾಚದೆ ಹೇಳಿದಳು. "ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಹೇಳಿದ್ರ ಕಾಡು ನನಗ ಕೊಡ್ತಿದ್ರೇನ್ರಿ?"

ಮಾಲಕರು ಸುಳ್ಳು ಹೇಳುವ ಮನುಷ್ಯರಾಗಿರಲಿಲ್ಲ. "ಇಲ್ಲ" ಎಂದರು. "ಕೊಡ್ತಿರಲಿಲ್ಲ." ಆಮೇಲೆ, "ಮುಗಸು" ಎಂದು ಹೇಳಿ ಕೆಳಗಿಳಿದು ಹೋದರು.

ದಾವಲಸಾಬನನ್ನು ನಾನು ಮೆಟ್ಟಿಲ ಮೇಲೆ ಹಿಡಿದು ಕೇಳಿದೆ, ನಿನಗೆ ಹೇಗೆ ಗೊತ್ತಾಯಿತೆಂದು. "ನನ್ನ ನೆಲದ ಮ್ಯಾಲಿನ ಗಿಡಾ ಯಾರೋ ಇಳಿಸಿ ಕೂಡಸ್ತಿದ್ರು, ಅದೂ ಅಂಚಿನವ ಅಷ್ಟ. ನೀನ ಅಂತ ತಿಳೀತು. ಯಾಕಿರಬೇಕು ಅಂತ ಅಕಿನ್ನ ನೋಡಕೊಂತ ಬಂದೆ" ಎಂದ. ಮತ್ತೆ, "ಒಂದ ಮಾತು ಹೇಳಬಾರದಿತ್ತೇನೋ ನನಗ? ಸೊಕ್ಕು ಸೊಕ್ಕು ಅಂತ ಊರ ತುಂಬ ಸಾರಕೊಂತ ತಿರಗಿನಲ್ಲೋ ಮಾರಾಯಾ" ಎಂದು ಕಣ್ಣೊರೆಸಿಕೊಂಡ. ಮರುದಿನದಿಂದ ಅವನ ಮೇಜು ಅವಳ ಎದುರಿಗೆ ಬಂತು. ಚಹದ ಕಪ್ಪನ್ನು ಅವಳ ಕೈಗೇ ಕೊಡುತ್ತಿದ್ದ.

ಉಳಿದ ಕಾಡನ್ನು ಮೂವರೂ ಸೇರಿ ಮಾಡಿದೆವು. ಅವಳ ನೋಟ ಬಳೆಯಿಂದ ಉಂಗುರಕ್ಕೆ, ಉಂಗುರದಿಂದ ಮೂಗುಬೊಟ್ಟಿಗೆ ಇಳಿಯಿತು. ಕೊನೆ ಕೊನೆಗೆ ಎಲೆಯನ್ನು ಗಾಜಿನ ಮೇಲಿಡುವುದನ್ನು ಬಿಟ್ಟು ಕೆನ್ನೆಗೆ ಒತ್ತಿ, ತುಟಿಗೆ ಸವರಿ ನೋಡುತ್ತಿದ್ದಳು. ಕಾಡು ಮುಗಿಯಿತು. ಅದು ದೂರದ ಊರುಗಳಿಗೆ ಹೋಯಿತು. ಯಾರು ಯಾರೋ ಅದರೊಳಗೆ ಅಡ್ಡಾಡಿದರು, ಹೊತ್ತು ಮುಳುಗುವುದನ್ನು ಕಾದರು. ಇರುಳನ್ನು ಕಾಣದವಳೊಬ್ಬಳು ಅದನ್ನು ಮಾಡಿದಳೆಂದು ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಿಲ್ಲ. ಗಿರಣಿಯ ಮೇಲಿನ ಆ ಕೋಣೆಯಲ್ಲಿ ಈಗ ಖಾಲಿ ಚೀಲಗಳಿವೆ. ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಕಾಡು ಮುಗಿದ ಆ ಸಂಜೆ.

ಅಂದು ಹುಣಸೆಮರ ಎಲೆ ಮುಚ್ಚತೊಡಗಿದಾಗ ಅವಳು ಏಳಲಿಲ್ಲ. "ಹೊತ್ತಾತಕ್ಕಾ" ಎಂದೆ.

"ಗೊತ್ತೈತಿ. ಇವತ್ತ ಕೂಡ್ತೀನಿ. ನನ್ನ ಕಾಡು ಏಳೂದನ್ನ ಮೊದಲಿಂದ ಹೇಳು."

ನಾನು ಹೇಳಿದೆ. ನಡುನಡುವೆ ನಾನು ಬಿಟ್ಟದ್ದನ್ನು ದಾವಲಸಾಬ ಹೇಳಿದ. ಮೊದಲ ಎಲೆಯಿಂದ ಹಿಡಿದು ಮುದಿ ಮರದ ಕೊನೆಯ ಎಲೆಯವರೆಗೆ ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಗಿದ ಮೇಲೆ ಪರದೆಗೆ ಖಣ ಹೊದಿಸಿ, ಅದರ ಸುಕ್ಕುಗಳನ್ನು ಕೈಯಿಂದ ಸರಿಪಡಿಸಿದಳು. ನನ್ನ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲಿಳಿದಳು. ಅಂಗಳದಲ್ಲಿ ನಸುಗತ್ತಲು. ಹುಣಸೆಮರದ ಕೆಳಗೆ ಬಂದಾಗ ನಿಂತಳು.

"ಮುಚ್ಚ್ಯಾವೇನು?"

"ಮುಚ್ಚ್ಯಾವಕ್ಕಾ."

"ಒಂದ ಟೊಂಗಿ ಬಗ್ಗಸು."

ನಾನು ಹಿಂದೆಮುಂದೆ ನೋಡಿದೆ. "ಹೊತ್ತು ಮುಳುಗೇತಿ ಅಕ್ಕಾ" ಎಂದೆ. ಅವಳ ಮಾತನ್ನು ಅವಳಿಗೇ ಹೇಳಿದ್ದೆ.

"ಇನ್ನ ಮುಂದ ನನಗ ಯಾವಾಗ್ಲೂ ಹೊತ್ತು ಮುಳುಗಿದಂಗ" ಎಂದಳು. "ಹಂಗಂತ ಗಿಡಾ ಮುಟ್ಟದ ಇರಾಕ ಆಗತೈತೇನು? ಬಗ್ಗಸು."

ನಾನು ಎಟುಕಿದ ಕೊಂಬೆಯೊಂದನ್ನು ಹಿಡಿದು ಅವಳ ಕೈಗೆ ತಂದೆ. ಅವಳು ಹೆಬ್ಬೆರಳು ತೋರುಬೆರಳಿನ ನಡುವೆ ಎಲೆಯ ಕಡ್ಡಿಯನ್ನು ಹಿಡಿದು, ತೊಟ್ಟಿನಿಂದ ತುದಿಯ ಕಡೆಗೆ ಹೊರಟಳು. ಮುಖಕ್ಕೆ ಮುಖ ಹಚ್ಚಿ ಮಲಗಿದ್ದ ಆ ಚಿಕ್ಕ ಎಲೆಗಳ ಮೇಲೆ ಜೋಡಿಯಿಂದ ಜೋಡಿಗೆ ಬೆರಳು ಹೋಗುತ್ತಿತ್ತು, ಯಾವುದಕ್ಕೂ ಎಚ್ಚರವಾಗದ ಹಾಗೆ.